ದಫ್ತರಕ್ಕೇರಿದ ಹೆಸರುಗಳು

ಬೃಹನ್ನಳೆಯನ್ನು ಅರಿಯದ ಕನ್ನಡಿಗರು ವಿರಳ. ಊರ್ವಶಿಯ ಶಾಪವನ್ನು ಹೊತ್ತ ಅರ್ಜುನ ವಿರಾಟನ ಅರಮನೆಯಲ್ಲಿ ಹೆಣ್ಣುಡುಗೆಯುಟ್ಟು ಒಂದು ವರ್ಷ ಕಳೆದ. ಉತ್ತರೆಗೆ ನಾಟ್ಯ ಕಲಿಸಿದ. ವಿರಾಟಪರ್ವವನ್ನು ಪಾಠ ಹೇಳುವಾಗಲೆಲ್ಲ ನನಗೆ 1871ರ ಒಂದು ಕಾಯಿದೆ ನೆನಪಾಗುತ್ತದೆ. ಅದು ನಡೆಯುತ್ತಿದ್ದ ಸೀಮೆಯಲ್ಲಿ ಬೃಹನ್ನಳೆಯ ಹೆಸರು ಪೊಲೀಸರ ದಫ್ತರಕ್ಕೇರಿದ್ದರೆ, ಆ ಉಡುಗೆಯಲ್ಲಿ ಬೀದಿಗಿಳಿದ ತಪ್ಪಿಗೇ ಎರಡು ವರ್ಷದವರೆಗೆ ಸೆರೆವಾಸ ಕಾದಿರುತ್ತಿತ್ತು!

ಅಪರಾಧಿ ಬುಡಕಟ್ಟುಗಳ ಕಾಯಿದೆಯೆಂದರೆ ಹುಟ್ಟಿನಿಂದಲೇ ಕೆಲವು ಜನರನ್ನು ಕಳ್ಳರೆಂದು ಸಾರಿದ ಶಾಸನವೆಂದು ಹಲವರು ಬಲ್ಲರು. ಅದರ ಎರಡನೆಯ ಭಾಗ ಹಿಜಡಾಗಳನ್ನು ಕುರಿತದ್ದೆಂಬುದು ಅಷ್ಟಾಗಿ ತಿಳಿದಿಲ್ಲ. ಮಕ್ಕಳನ್ನು ಅಪಹರಿಸುವ ಅಥವಾ 377ನೆಯ ಕಲಮಿನ ಅಪರಾಧವೆಸಗುವ ಸಂಶಯವಿದ್ದವರ ಹೆಸರು, ವಾಸಸ್ಥಳಗಳನ್ನು ದಫ್ತರದಲ್ಲಿ ಬರೆಯಬೇಕು. ಹಾಗೆ ಹೆಸರೇರಿದವರು ಹೆಣ್ಣಿನ ಉಡುಗೆಯಲ್ಲಿ ಹೊರಗೆ ಕಾಣಿಸಿಕೊಂಡರೆ, ಬೀದಿಯಲ್ಲಿ ಕುಣಿದರೆ, ವಾರಂಟಿಲ್ಲದೆ ಹಿಡಿಯಬಹುದು. ಅವರು ದತ್ತು ಸ್ವೀಕರಿಸುವಂತಿಲ್ಲ, ಮರಣಶಾಸನ ಬರೆಯುವಂತಿಲ್ಲ. ಅಪರಾಧ ಸಿದ್ಧವಾಗಬೇಕಾಗಿರಲಿಲ್ಲ, ಸಂಶಯವೇ ಸಾಕಾಗಿತ್ತು.

ಈ ಕಾಯಿದೆಗೆ ಆಧಾರವಾದ 377ನೆಯ ಕಲಮು 1860ರ ದಂಡಸಂಹಿತೆಯದು. 1862ರಲ್ಲಿ ಜಾರಿಗೆ ಬಂದದ್ದು. 'ಪ್ರಕೃತಿಗೆ ವಿರುದ್ಧ'ವೆಂಬ ಮಾತನ್ನು ನಮ್ಮ ನ್ಯಾಯಾಲಯಗಳಿಗೆ ತಂದುಕೊಟ್ಟವರು ಆಂಗ್ಲರು. ಸಲಿಂಗಪ್ರೇಮಿಗಳ ಹಕ್ಕಿನ ಮಾತೆತ್ತಿದೊಡನೆ ಅದು ಪಾಶ್ಚಾತ್ಯರ ಅನುಕರಣೆಯೆಂದು ಗೊಣಗುವವರು ಇದನ್ನು ಗಮನಿಸಬೇಕು.

ನಿಜಾಮರ ಹೈದರಾಬಾದು ಸಂಸ್ಥಾನವೂ 1919ರ ಸುಮಾರಿಗೆ ಇಂಥದೇ ಕಾನೂನು ಮಾಡಿತು. ಅಂದು ಬೀದರ, ಕಲಬುರ್ಗಿ, ರಾಯಚೂರುಗಳು ಆ ಸಂಸ್ಥಾನದವೇ. ತೆಲಂಗಾಣದ ಉಚ್ಚ ನ್ಯಾಯಾಲಯ ಅದನ್ನು ರದ್ದುಗೊಳಿಸಿದ್ದು 2023ರಲ್ಲಿ!

ನಮ್ಮ ರಾಜ್ಯದ ಸಂಗತಿ ಇನ್ನೂ ಸೋಜಿಗದ್ದು. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯಿದೆಗೆ 36ಎ ಎಂಬ ಕಲಮು ಸೇರಿತು. ಮತ್ತೆ ಅದೇ ದಫ್ತರ, ಅದೇ ಸಂಶಯ. ನೂರನಾಲ್ವತ್ತು ವರ್ಷದ ಹಿಂದಿನ ಒಕ್ಕಣೆಯೇ ಬಹುಮಟ್ಟಿಗೆ ಮರಳಿ ಬಂದಿತು. ಮಕ್ಕಳ ಅಪಹರಣ ಘೋರ ಅಪರಾಧವಲ್ಲವೇ ಎಂದು ಕೇಳಬಹುದು. ನಿಶ್ಚಯವಾಗಿಯೂ ಹೌದು. ಆದರೆ ಅದನ್ನು ದಂಡಿಸಲು ಎಲ್ಲರಿಗೂ ಅನ್ವಯಿಸುವ ಕಾನೂನು ಇದ್ದೇ ಇತ್ತು. ಒಂದು ಜನವರ್ಗಕ್ಕೆ ಮಾತ್ರ ಬೇರೆ ದಫ್ತರವೇಕೆ? ಈ ಪ್ರಶ್ನೆ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. 2016ರ ತಿದ್ದುಪಡಿಯಲ್ಲಿ ಆ ವರ್ಗದ ಹೆಸರು ಕಲಮಿನಿಂದ ಹೋಯಿತು.

ಅಷ್ಟರಲ್ಲಿ 2014ರಲ್ಲಿ ಸುಪ್ರೀಂ ಕೋರ್ಟು ತೃತೀಯ ಲಿಂಗವನ್ನು ಮಾನ್ಯಮಾಡಿತ್ತು. 377ರ ವಿಷಯದಲ್ಲಿ ಹಾದಿ ಅಂಕುಡೊಂಕು: 2009ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯ ಕೊಟ್ಟ ಬಿಡುಗಡೆಯನ್ನು 2013ರಲ್ಲಿ ಸುಪ್ರೀಂ ಕೋರ್ಟು ಕಿತ್ತುಕೊಂಡಿತು, 2018ರಲ್ಲಿ ತಾನೇ ಮರಳಿ ಕೊಟ್ಟಿತು. 2023ರಲ್ಲಿ ಸಲಿಂಗ ವಿವಾಹದ ಮನವಿ ಬಂದಾಗ ಮಾತ್ರ ಅದು ಶಾಸನಸಭೆಯ ಕೆಲಸವೆಂದು ಹಿಂದೆ ಸರಿಯಿತು. ಅಪರಾಧಿಯಲ್ಲ ಎನಿಸಿಕೊಳ್ಳುವುದು ಬೇರೆ, ಸಮಾನನೆನಿಸಿಕೊಳ್ಳುವುದು ಬೇರೆ.

ಎಲ್ಲಮ್ಮನ ಹೆಸರಿನಲ್ಲಿ ಕುಣಿಯುತ್ತ ಬಂದ ಮಂಜಮ್ಮ ಜೋಗತಿಯವರು 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು. 1871ರ ಕಾಯಿದೆ ಸೆರೆಗೆ ನೂಕುತ್ತಿದ್ದುದು ಇಂಥ ಕುಣಿತವನ್ನೇ. ಅದೇ 2021ರಲ್ಲಿ ಕರ್ನಾಟಕವು ಸರ್ಕಾರಿ ನೌಕರಿಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡಾ 1ರ ಮೀಸಲಾತಿಯನ್ನಿತ್ತಿತು. ಅದಕ್ಕೂ ಹೆಸರು ಬರೆಸಬೇಕು, ಪ್ರಮಾಣಪತ್ರ ತೋರಿಸಬೇಕು. ಅಜ್ಜಿಯರ ಕಾಲದಿಂದ ದಫ್ತರಕ್ಕೆ ಹೆದರಿ ಬಾಳಿದವರು ಈಗ ಅದೇ ಕಛೇರಿಯ ಬಾಗಿಲಿಗೆ ನಂಬಿ ಬರಬೇಕಾದರೆ, ಮೇಜಿನ ಆಚೆ ಕುಳಿತ ಗುಮಾಸ್ತರು ತಲೆಯೆತ್ತಿ 'ಬನ್ನಿ, ಕುಳಿತುಕೊಳ್ಳಿ' ಎನ್ನುವುದನ್ನು ಕಲಿತಿರಬೇಕು.