ಅಗಸನ ಆಸೆ, ಸುಲ್ತಾನನ ಹುಣ್ಣು

ಆಳಂದ ತಾಲ್ಲೂಕಿನಲ್ಲಿ ಹರಿದು ಬರುವ ಅಮರಜಾ ಹೊಳೆ ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಭೀಮೆ ಅಲ್ಲಿಂದ ಜೇವರ್ಗಿಯ ಕಡೆಗೆ ಸಾಗುತ್ತದೆ. ಮೂರು ತಾಲ್ಲೂಕುಗಳನ್ನು ಪೋಣಿಸುವ ಈ ನೀರಿನ ದಂಡೆಯಲ್ಲಿ ಒಂದು ಹಳೆಯ ಕಥೆ ಇದೆ. ‘ಗುರುಚರಿತ್ರೆ’ಯನ್ನು ಪಾರಾಯಣ ಮಾಡುವವರಿಗೆಲ್ಲ ಅದು ಗೊತ್ತು. ಉಳಿದವರಿಗಾಗಿ ಇಲ್ಲಿ ಹೇಳುತ್ತೇನೆ.

ಕೃಷ್ಣಾ ನದಿಯ ನಡುಗಡ್ಡೆಯಾದ ಕುರುವಪುರದಲ್ಲಿ ಶ್ರೀಪಾದ ಶ್ರೀವಲ್ಲಭರ ಸೇವೆ ಮಾಡುತ್ತಿದ್ದ ಒಬ್ಬ ಅಗಸನಿದ್ದ. ಒಂದು ದಿನ ಹೊಳೆಯಲ್ಲಿ ಅರಸನೊಬ್ಬ ಅಲಂಕರಿಸಿಕೊಂಡ ರಾಣಿಯರೊಡನೆ ದೋಣಿವಿಹಾರ ಮಾಡುತ್ತಿದ್ದುದನ್ನು ಆತ ಕಂಡ. ಜೀವನವಿಡೀ ಬೇರೆಯವರ ಬಟ್ಟೆ ಒಗೆದ ಕೈ ಅದು. ಇಂಥ ಬಾಳು ಎಂಥ ಪುಣ್ಯವಂತರದೋ ಎಂದು ಒಳಗೇ ಅಂದುಕೊಂಡ. ಗುರು ಅದನ್ನರಿತು, ಮುಂದಿನ ಜನ್ಮದಲ್ಲಿ ನೀನು ಬೀದರದ ಅರಸನಾಗುತ್ತೀ ಎಂದು ಹರಸಿದರು. ಆತ ಅರಸನಾದ. ಪಟ್ಟೆ ಪೀತಾಂಬರಗಳೆಲ್ಲ ಬಂದವು. ಜೊತೆಗೆ ತೊಡೆಯ ಮೇಲೊಂದು ಹುಣ್ಣೂ ಬಂತು. ಯಾವ ವೈದ್ಯರಿಂದಲೂ ಅದು ಮಾಯಲಿಲ್ಲ. ಕೊನೆಗೆ ಆತ ಗಾಣಗಾಪುರಕ್ಕೆ ಬಂದು ನರಸಿಂಹ ಸರಸ್ವತಿಗಳ ಮುಂದೆ ನಿಂತಾಗ, ಅವರು ಅವನನ್ನು ಹಳೆಯ ಅಗಸನೆಂದೇ ಕರೆದು ಮಾತನಾಡಿಸಿದರಂತೆ. ನೋಡಿಕೊಂಡರೆ ಹುಣ್ಣು ಇರಲಿಲ್ಲ.

ಬಡವನಿಗೆ ಇಲ್ಲದ್ದು ಬಟ್ಟೆ, ಅರಸನಿಗೆ ಇಲ್ಲದ್ದು ಆರೋಗ್ಯ. ಎರಡೂ ಒಂದೇ ಕಥೆಯೊಳಗೆ, ಒಂದೇ ಜೀವಕ್ಕೆ ಬಂದು ಕೂತಿರುವುದು ನನಗೆ ಬಹಳ ಕಾಲದಿಂದ ಕುತೂಹಲದ ಸಂಗತಿ. ಗ್ರಂಥವನ್ನು ಮರಾಠಿಯಲ್ಲಿ ಬರೆದ ಸರಸ್ವತಿ ಗಂಗಾಧರ ಕನ್ನಡ ಮನೆಮಾತಿನವನೆಂದು ಪ್ರತೀತಿ. ಕಥೆಯ ಅರಸ ಯಾರು? ಬಹಮನಿ ಸುಲ್ತಾನ ಎರಡನೆಯ ಅಲಾವುದ್ದೀನ್ ಅಹಮದ್ ಎಂದು ಕೆಲವು ವಿದ್ವಾಂಸರು ಗುರುತಿಸುತ್ತಾರೆ. ಈತ ಆಳಿದ್ದು 1436ರಿಂದ 1458ರವರೆಗೆ. ಈ ಸುಲ್ತಾನನ ಕಾಲಿಗೆ ವಾಸಿಯಾಗದ ಹುಣ್ಣಾಗಿತ್ತು, ಅರಮನೆ ಬಿಟ್ಟು ಹೊರಬರಲಾಗದೆ ಅವನು ಸತ್ತನೆಂದೇ ಪುಕಾರು ಹಬ್ಬಿ ದಂಗೆಯೆದ್ದಿತ್ತು ಎಂದು ಚರಿತ್ರೆಯೂ ಹೇಳುತ್ತದೆ. ಪುರಾಣ ಮತ್ತು ಇತಿಹಾಸ ಹೀಗೆ ಒಂದೇ ಹುಣ್ಣಿನ ಬಳಿ ಸಂಧಿಸುವುದು ಅಪರೂಪ.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಇದೇ ಸುಲ್ತಾನ ಬೀದರದಲ್ಲಿ ಒಂದು ದವಾಖಾನೆಯನ್ನು ಕಟ್ಟಿಸಿದ. ವಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫರಿಶ್ತಾ ಇದನ್ನು ದಾಖಲಿಸಿದ್ದಾನೆ. ರೋಗಿಗಳ ಔಷಧ ಮತ್ತು ಊಟದ ಖರ್ಚಿಗೆಂದು ಹಳ್ಳಿಗಳ ಉತ್ಪನ್ನವನ್ನು ಬಿಟ್ಟುಕೊಟ್ಟಿದ್ದ. ಅಲ್ಲಿ ಮುಸಲ್ಮಾನ ಹಕೀಮರೂ ಇದ್ದರು, ಹಿಂದೂ ವೈದ್ಯರೂ ಇದ್ದರು. ದವಾಖಾನೆಯನ್ನು ದೊರೆಯ ಕೃಪೆಗೆ ಬಿಡದೆ ನಿಗದಿಯಾದ ಆದಾಯಕ್ಕೆ ಕಟ್ಟಿಹಾಕಿದ್ದು ಗಮನಿಸಬೇಕಾದ ಜಾಣತನ. ಆದರೆ ಬೀದರ ಎಲ್ಲಿ, ಭೀಮಾ ತೀರದ ಹಳ್ಳಿ ಎಲ್ಲಿ? ಎತ್ತಿನ ಬಂಡಿಯಲ್ಲಿ ಹಲವು ದಿನಗಳ ಹಾದಿ. ಹಳ್ಳಿಯವರಿಗೆ ಹತ್ತಿರವಿದ್ದದ್ದು ಗಾಣಗಾಪುರದ ಸಂಗಮ ಮತ್ತು ಆಳಂದದ ಲಾಡ್ಲೆ ಮಶಾಯಿಕ್ ದರ್ಗಾ. ಇಂದಿಗೂ ಮನಸ್ಸು ಕೆಟ್ಟವರನ್ನು ಗಾಣಗಾಪುರದ ದೇವಸ್ಥಾನಕ್ಕೆ ಕರೆತಂದು ಆರತಿಯ ಹೊತ್ತಿಗೆ ನಿಲ್ಲಿಸುವವರಿದ್ದಾರೆ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಶತಮಾನಗಳ ಕಾಲ ಚೀಟಿ, ಜಾತಿ, ಕಿಸೆ ಯಾವುದನ್ನೂ ಹೆಚ್ಚು ಕೇಳದೆ ರೋಗಿಯನ್ನು ಒಳಗೆ ಬಿಟ್ಟ ಬಾಗಿಲು ಈ ಸೀಮೆಯಲ್ಲಿ ಅದೊಂದೇ ಇತ್ತೆಂಬುದನ್ನೂ ನೆನೆಯಬೇಕು. ಆ ಬಾಗಿಲೂ ಎಲ್ಲರಿಗೂ ಒಂದೇ ಅಗಲಕ್ಕೆ ತೆರೆದಿರಲಿಲ್ಲ, ಆ ಮಾತು ಬೇರೆ.

ನಿಜಾಮರ ಕಾಲಕ್ಕೆ ಬಂದರೆ ಆಳಂದ, ಅಫಜಲಪುರ ಪ್ರದೇಶಗಳು ಪಾಯಿಗಾ ಅಮೀರರ ಜಹಗೀರಿಗೆ ಸೇರಿದ್ದವು. ನಿಜಾಮರ ಬೀಗರಾದ ಈ ಅಮೀರರಲ್ಲಿ ಒಬ್ಬರಾದ ವಿಕಾರ್ ಉಲ್ ಉಮ್ರಾ ಹೈದರಾಬಾದಿನಲ್ಲಿ ಫಲಕ್‌ನುಮಾ ಅರಮನೆಗೆ ಬುನಾದಿ ಹಾಕಿದ್ದು 1884ರಲ್ಲಿ. ಅರಮನೆ ಎದ್ದದ್ದು ಅಲ್ಲಿ, ಪಾಯಿಗಾ ಮನೆತನಗಳಿಗೆ ಕಂದಾಯ ಎದ್ದದ್ದು ಇಂಥ ಜೋಳದ ಹೊಲಗಳಲ್ಲಿ. ಜಹಗೀರಿನ ಹಳ್ಳಿಯಲ್ಲಿ ದವಾಖಾನೆ ಇಲ್ಲವೆಂದರೆ ಯಾರನ್ನು ಕೇಳಬೇಕು? ಕೇಳುವುದಕ್ಕೆ ಒಂದು ಕಚೇರಿಯೇ ಇಲ್ಲದ ಸ್ಥಿತಿ. ಈ ಜಹಗೀರುಗಳು ರದ್ದಾದದ್ದು 1949ರಲ್ಲಿ.

ಅದೇ 19ನೇ ಶತಮಾನದ ಎಂಬತ್ತರ ದಶಕದಲ್ಲಿ ಕಲಬುರಗಿಯಲ್ಲಿ ಒಂದು ಬಟ್ಟೆ ಗಿರಣಿ ಹುಟ್ಟಿತು. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಹೆಸರಿನಿಂದ ಮಹಬೂಬ್ ಶಾಹಿ ಗಿರಣಿ. ಜನರ ಬಾಯಲ್ಲಿ ಅದು ಎಂ.ಎಸ್.ಕೆ. ಮಿಲ್ಲು. ಮುಂಬಯಿ ರಾಯಚೂರು ರೈಲುಮಾರ್ಗ 1871ರಲ್ಲಿ ಪೂರ್ಣಗೊಂಡಿತ್ತು. ಅತ್ತ 1877ರಲ್ಲಿ ಸೊಲ್ಲಾಪುರದಲ್ಲೂ ದೊಡ್ಡ ಗಿರಣಿಯೊಂದು ಸ್ಥಾಪನೆಯಾಗಿತ್ತು. ಹತ್ತಿ ಬೆಳೆಯುವ ಕರಿನೆಲದ ನಡುವೆ ರೈಲು, ಗಿರಣಿ ಎರಡೂ ಬಂದ ಮೇಲೆ ಬಟ್ಟೆ ಅಗ್ಗವಾಗಬೇಕಿತ್ತು. ಸ್ವಲ್ಪ ಅಗ್ಗವಾಯಿತು, ಊರ ಮಗ್ಗಗಳಿಗೆ ಪೆಟ್ಟೂ ಬಿತ್ತು. ಆದರೆ ಕೂಲಿಯವನ ಮೈಮೇಲೆ ಮಾತ್ರ ಬಹಳ ಕಾಲ ಇದ್ದದ್ದು ಒಂದೇ ಧೋತರ. ಹರಿದ ಸೀರೆ ಕೌದಿಯಾಗುತ್ತಿತ್ತು, ಕೌದಿಯ ತುಂಡು ಕೂಸಿನ ಹಾಸಿಗೆಯಾಗುತ್ತಿತ್ತು. ಇಂದು ಪಟ್ಟಣದ ಅಂಗಡಿಗಳಲ್ಲಿ ಕಲೆಯೆಂದು ಮಾರುವ ಕೌದಿ ಮೂಲದಲ್ಲಿ ಬಟ್ಟೆಯ ಬರಗಾಲದ ಲೆಕ್ಕಪತ್ರ.

ಬಟ್ಟೆಯಲ್ಲಿ ಅಂದಚೆಂದದ ಮಾತೇಕೆ, ಮಾನ ಮುಚ್ಚಿದರೆ ಸಾಲದೆ ಎನ್ನುವವರು ಇದ್ದಾರೆ. ಹಾಗೆನ್ನುವವರ ಕಪಾಟನ್ನು ಒಮ್ಮೆ ತೆರೆದು ನೋಡಬೇಕೆಂದು ನನ್ನ ಆಸೆ! ನಮ್ಮ ಹಳ್ಳಿಗಳಲ್ಲಿ ಉಡುಪು ಜಾತಿಯ ಗುರುತಾಗಿತ್ತು. ಯಾರು ಧೋತರವನ್ನು ಎಷ್ಟು ಉದ್ದ ಬಿಡಬೇಕು, ಯಾರು ಕಾಲಲ್ಲಿ ಮೆಟ್ಟು ಹಾಕಿಕೊಂಡು ಗೌಡರ ಮನೆಯ ಮುಂದೆ ಹಾಯಬಾರದು ಎಂಬುದೆಲ್ಲ ಬರೆಯದ ಕಾನೂನು. 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಅಂಬೇಡ್ಕರರು ದಲಿತ ಹೆಣ್ಣುಮಕ್ಕಳನ್ನು ಕುರಿತು ಮಾತಾಡುವಾಗ, ಉಳಿದ ಹೆಂಗಸರು ಉಡುವ ಹಾಗೆಯೇ ಸೀರೆ ಉಡಿ, ಜಾತಿ ಸಾರುವ ಉಡುಗೆಯನ್ನು ಬಿಡಿ ಎಂದು ಹೇಳಿದ್ದು ಸುಮ್ಮನೆ ಅಲ್ಲ. ಅದಕ್ಕೂ ಮೊದಲು, 1776ರಲ್ಲಿ, ಸ್ಕಾಟ್ಲೆಂಡಿನ ಆಡಂ ಸ್ಮಿತ್ ಇದೇ ಮಾತನ್ನು ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳಿದ್ದ. ನಾರುಬಟ್ಟೆಯ ಅಂಗಿಯಿಲ್ಲದೆಯೂ ಬದುಕಬಹುದು, ಆದರೆ ಅದಿಲ್ಲದೆ ಕೂಲಿಯವನು ನಾಲ್ಕು ಜನರ ಮುಂದೆ ಬರಲು ನಾಚುತ್ತಾನೆ, ಹಾಗಾಗಿ ಅದು ಅವಶ್ಯಕ ವಸ್ತುವೇ ಎಂಬುದು ಅವನ ವಾದದ ಸಾರ.

ಸರ್ಕಾರ ಈ ಅವಶ್ಯಕತೆಯನ್ನು ಪೂರೈಸಲು ಯತ್ನಿಸದೆ ಇಲ್ಲ. 1975ರಲ್ಲಿ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ಬಂತು. 1976ರಲ್ಲಿ ಕೇಂದ್ರದ ಜನತಾ ಬಟ್ಟೆ ಯೋಜನೆ ಬಂತು. ನೇಕಾರರಿಗೆ ಕೆಲಸ, ಬಡವರಿಗೆ ಕಡಿಮೆ ದರದ ಸೀರೆ, ಧೋತರ. ಉದ್ದೇಶ ಒಳ್ಳೆಯದೇ. ಆದರೆ ಒರಟು ನೂಲು, ಎಣಿಸಿದಷ್ಟೇ ಬಣ್ಣ. ಉಟ್ಟವರ ಬಡತನವನ್ನು ದೂರದಿಂದಲೇ ಸಾರುವಂಥದ್ದು. ತೊಂಬತ್ತರ ದಶಕದಲ್ಲಿ ಆ ಯೋಜನೆ ನಿಂತಿತು. ಆ ಹೊತ್ತಿಗಾಗಲೇ ಸೂರತ್ತಿನ ವಿದ್ಯುತ್ ಮಗ್ಗದ ಸೀರೆ ಆಳಂದದ ಸಂತೆಗೂ ಬಂದಿತ್ತು. 1985ರ ಜವಳಿ ನೀತಿ ಹತ್ತಿ ಮತ್ತು ಕೃತಕ ನೂಲಿನ ನಡುವಣ ಕಟ್ಟುಪಾಡುಗಳನ್ನು ಸಡಿಲಿಸಿತ್ತು. ಬೆಲೆ ಇಳಿಯಿತು, ಬಣ್ಣ ಏರಿತು, ಒಗೆದರೆ ಗಳಿಗೆಯಲ್ಲಿ ಒಣಗುವ ಸೌಕರ್ಯ ಬೇರೆ. ತೊಗರಿ ರಾಶಿಯ ಕಣದಲ್ಲಿ ಒಡತಿ ಯಾರು, ಆಳು ಯಾರು ಎಂದು ಸೀರೆ ನೋಡಿ ಹೇಳುವುದು ಕಷ್ಟವಾಯಿತು. ಯಾವ ಶಾಸನವೂ ಮಾಡದ ಕೆಲಸವನ್ನು ಒಂದು ಅಗ್ಗದ ಸೀರೆ ಮಾಡಿತೆಂದರೆ ಉತ್ಪ್ರೇಕ್ಷೆಯಲ್ಲ.

ಇದರ ಬೆಲೆಯನ್ನು ಬೇರೆಯವರು ತೆತ್ತರು. ಕೈಮಗ್ಗದ ಗುಂಡಿಗಳು ಮುಚ್ಚಿದವು. ಎಂ.ಎಸ್.ಕೆ. ಮಿಲ್ಲಿನ ಚಕ್ರ ನಿಂತು ದಶಕಗಳೇ ಕಳೆದವು. ಕಲಬುರಗಿಯಲ್ಲಿ ಈಗ ಅದು ಬಡಾವಣೆಯ ಹೆಸರು. 2023ರಲ್ಲಿ ಕೇಂದ್ರ ಸರ್ಕಾರ ಬೃಹತ್ ಜವಳಿ ಪಾರ್ಕಿಗಾಗಿ ದೇಶದಲ್ಲಿ ಆರಿಸಿದ ಏಳು ಸ್ಥಳಗಳಲ್ಲಿ ಕಲಬುರಗಿಯೂ ಒಂದು ಎಂಬುದು ಈ ಕಥೆಯ ಹೊಸ ಅಧ್ಯಾಯ.

ಬಟ್ಟೆಯ ವಿಷಯದಲ್ಲಿ ಸಂತೆ ಮಾಡಿದ್ದನ್ನು ಔಷಧದ ವಿಷಯದಲ್ಲಿ ಏಕೆ ಮಾಡಲಿಲ್ಲ? ಪ್ರಶ್ನೆ ಇರುವುದು ಇಲ್ಲಿ. ಸೀರೆ ಕೊಳ್ಳುವ ಹೆಂಗಸು ಸೆರಗನ್ನು ಬೆರಳಲ್ಲಿ ಹಿಡಿದು ನೋಡುತ್ತಾಳೆ, ಬಿಸಿಲಿಗೆ ಒಡ್ಡುತ್ತಾಳೆ, ಚೌಕಾಶಿ ಮಾಡುತ್ತಾಳೆ, ಮನಸ್ಸಿಗೆ ಬಾರದಿದ್ದರೆ ಮುಂದಿನ ಅಂಗಡಿಗೆ ನಡೆಯುತ್ತಾಳೆ. ಈ ಬಾರಿ ಮಳೆ ಕೈಕೊಟ್ಟರೆ ಸೀರೆ ಮುಂದಿನ ಯುಗಾದಿಗೆ. ಎದೆನೋವು ಮುಂದಿನ ಯುಗಾದಿಯವರೆಗೆ ಕಾಯುವುದಿಲ್ಲ. ಡಾಕ್ಟರು ಬರೆದ ಚೀಟಿಯನ್ನು ಬೆರಳಲ್ಲಿ ಹಿಡಿದು ನೋಡಿ ಅದರ ಗುಣ ತಿಳಿಯಲಾಗುವುದಿಲ್ಲ. ಚೌಕಾಶಿಯಂತೂ ಇಲ್ಲವೇ ಇಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1963ರಲ್ಲಿ ಬರೆದ ಒಂದು ಪ್ರಸಿದ್ಧ ಲೇಖನದಲ್ಲಿ ವೈದ್ಯವೃತ್ತಿಗೆ ಸಾಮಾನ್ಯ ಪೇಟೆಯ ನಿಯಮ ಏಕೆ ಒಗ್ಗುವುದಿಲ್ಲವೆಂದು ವಿವರಿಸಿದ. ಯಾವ ಕಾಯಿಲೆ ಯಾವಾಗ ಬರುತ್ತದೆಂದು ಯಾರಿಗೂ ತಿಳಿಯದು, ಬಂದಾಗ ಯಾವ ಚಿಕಿತ್ಸೆ ಸರಿಯೆಂದು ರೋಗಿಗೆ ತಿಳಿಯದು. ಕಣ್ಣು ಕಟ್ಟಿಕೊಂಡು ಸಂತೆಗೆ ಹೋದವನ ಪಾಡು.

ಅದೇ ವರ್ಷ, 1963ರಲ್ಲಿ, ಕಲಬುರಗಿಯಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಆರಂಭವಾಯಿತು. ಹೊರಪ್ರಾಂತಗಳಿಗೆ ಅಲೆಯುತ್ತಿದ್ದ ಸೀಮೆಗೆ ಅದು ದೊಡ್ಡ ಸಂಗತಿ. ಆದರೂ ತಾಲ್ಲೂಕಿನ ಮಟ್ಟದಲ್ಲಿ ಬಹಳ ಬದಲಾಗಲಿಲ್ಲ. ಆಳಂದ, ಅಫಜಲಪುರದವರು ಮದುವೆ ಬಟ್ಟೆಗೂ ಸೊಲ್ಲಾಪುರಕ್ಕೆ, ಆಪರೇಷನ್ನಿಗೂ ಸೊಲ್ಲಾಪುರಕ್ಕೆ ಹೋಗುವ ರೂಢಿ ಮುಂದುವರಿಯಿತು. ಮೊದಲ ಪ್ರಯಾಣದಲ್ಲಿ ಮನೆ ಮಂದಿಯೆಲ್ಲ ನಗುತ್ತಾ ಬರುತ್ತಾರೆ. ಎರಡನೆಯದರಲ್ಲಿ ಹೊಲ ಒತ್ತೆ ಬಿದ್ದಿರುತ್ತದೆ. ಜೇವರ್ಗಿಯವರಿಗೆ ಭೀಮೆ ದಾಟಿದರೆ ಕಲಬುರಗಿ. ಹೊಳೆ ತುಂಬಿ ಬಂದರೆ ಆ ದಾರಿಯೂ ಕಷ್ಟ. ಇಲ್ಲಿಂದ ದೀರ್ಘಕಾಲ ಆರಿಸಿ ಬಂದ ಧರ್ಮಸಿಂಗ್ 2004ರಲ್ಲಿ ಮುಖ್ಯಮಂತ್ರಿಯೂ ಆದರು. ಆದರೆ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯ 39 ಅತಿ ಹಿಂದುಳಿದ ತಾಲ್ಲೂಕುಗಳಲ್ಲಿ ಜೇವರ್ಗಿ, ಆಳಂದ, ಅಫಜಲಪುರ ಮೂರೂ ಇದ್ದವು.

ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರಿನಲ್ಲಿ. ಮೂರು ತಿಂಗಳು ತುಂಬುವ ಮೊದಲೇ, ಡಿಸೆಂಬರ್ 10ರಂದು, ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತು. ಅದರ 25ನೇ ವಿಧಿಯಲ್ಲಿ ಅನ್ನ, ಬಟ್ಟೆ, ಮನೆ, ವೈದ್ಯೋಪಚಾರ ನಾಲ್ಕನ್ನೂ ಒಂದೇ ಉಸಿರಿನಲ್ಲಿ ಹೇಳಲಾಗಿದೆ. ನಮ್ಮಲ್ಲಿ ಭೋರ್ ಸಮಿತಿ 1946ರಲ್ಲೇ ಹಣವಿಲ್ಲದ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದೆಂದು ಬರೆದಿತ್ತು. ಸರ್ಕಾರಿ ಆಸ್ಪತ್ರೆ ಸಕಾಲದಲ್ಲಿ ಚಿಕಿತ್ಸೆ ಕೊಡದಿದ್ದರೆ ಅದು ಜೀವಿಸುವ ಹಕ್ಕಿನ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟು 1996ರಲ್ಲಿ ತೀರ್ಪಿತ್ತಿತು. ಕಾಗದದ ಮೇಲೆ ಕೊರತೆಯಿಲ್ಲ.

ಕಾಗದದಿಂದಾಚೆಗೆ ಏನಾದರೂ ಆಯಿತೇ ಎಂದರೆ, ಆಯಿತು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ರಾಜ್ಯದಲ್ಲೇ ಮೊದಲು ಜಾರಿಯಾದದ್ದು ಗುಲ್ಬರ್ಗಾ ವಿಭಾಗದಲ್ಲಿ. ಬಿಪಿಎಲ್ ಕಾರ್ಡಿನವರಿಗೆ ಹೃದಯ, ಕ್ಯಾನ್ಸರ್ ಮೊದಲಾದ ದೊಡ್ಡ ಕಾಯಿಲೆಗಳಿಗೆ ದೊಡ್ಡ ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆ. ಯೋಜನೆ ಇದ್ದ ಉತ್ತರದ ಹಳ್ಳಿಗಳನ್ನೂ ಇನ್ನೂ ಬಾರದ ನೆರೆಯ ಹಳ್ಳಿಗಳನ್ನೂ ಹೋಲಿಸಿ ಸಂಶೋಧಕರು ಮಾಡಿದ ಅಧ್ಯಯನ 2014ರಲ್ಲಿ ಬ್ರಿಟನ್ನಿನ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಬಡ ಮನೆಗಳಲ್ಲಿ ಸತ್ತವರ ಪ್ರಮಾಣ ಯೋಜನೆ ಇಲ್ಲದ ಕಡೆ ಶೇ 0.90, ಇದ್ದ ಕಡೆ ಶೇ 0.32. ಆಸ್ಪತ್ರೆಗೆಂದು ಕೈಯಿಂದ ತೆತ್ತ ಹಣವೂ ಸುಮಾರು ಮೂರನೇ ಒಂದರಷ್ಟು ಇಳಿದಿತ್ತು. ಬಿಪಿಎಲ್ ಅಲ್ಲದ ಮನೆಗಳಲ್ಲಿ ಎರಡೂ ಕಡೆ ಸಾವಿನಲ್ಲಿ ಇಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ಸಾಯುತ್ತಿದ್ದದ್ದು ಕಾಯಿಲೆಯಿಂದಷ್ಟೇ ಅಲ್ಲ. 2018ರಲ್ಲಿ ಇಂಥ ಯೋಜನೆಗಳೆಲ್ಲ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕದೊಳಗೆ ಸೇರಿದವು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ.

ಆದರೂ ಕಾರ್ಡು ಕೆಲಸಕ್ಕೆ ಬರುವುದು ಆಸ್ಪತ್ರೆಯಲ್ಲಿ ಮಲಗಿದ ಮೇಲೆ. ತಿಂಗಳು ತಿಂಗಳು ನುಂಗುವ ಸಕ್ಕರೆ ಕಾಯಿಲೆಯ ಗುಳಿಗೆ ತಾಲ್ಲೂಕು ದವಾಖಾನೆಯಲ್ಲಿ ಇಲ್ಲವೆಂದರೆ ಹೊರಗಿನ ಅಂಗಡಿಯಲ್ಲಿ ದುಡ್ಡು ಕೊಟ್ಟೇ ತರಬೇಕು. ಊರು ದೊಡ್ಡದಾದರೂ ಸಾಲದು. ಹಲವು ವೈದ್ಯಕೀಯ ಕಾಲೇಜುಗಳಿದ್ದ ಕಲಬುರಗಿಯ ವೃದ್ಧರೊಬ್ಬರು ಹೈದರಾಬಾದಿನ ಆಸ್ಪತ್ರೆಗಳಿಗೆ ಹೋಗಿ ಮರಳುವ ದಾರಿಯಲ್ಲಿ ತೀರಿಕೊಂಡದ್ದು 2020ರ ಮಾರ್ಚ್ 10ರಂದು. ಅದೇ ದೇಶದ ಮೊದಲ ಕೋವಿಡ್ ಸಾವು. 2024ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆಯ ಹೊಸ ಕಟ್ಟಡ ತೆರೆಯಿತು. ಹಾಸಿಗೆಗಳು 371. ಈ ಸೀಮೆಗೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ನೆನಪಿಗೆ ಆ ಸಂಖ್ಯೆ. ಹಳ್ಳಿಗಳ ಉತ್ಪನ್ನವನ್ನು ದವಾಖಾನೆಗೆ ಬರೆದುಕೊಟ್ಟ ಬೀದರದ ಸುಲ್ತಾನನಿಗೆ ಈ ಲೆಕ್ಕ ತಕ್ಷಣ ಅರ್ಥವಾಗುತ್ತಿತ್ತು.

ಭೀಮಾ ತೀರದ ಮನೆಗಳಲ್ಲಿ ಹೆಂಗಸರು ಟ್ರಂಕಿನಲ್ಲಿ ಒಂದು ಸೀರೆಯನ್ನು ಮಡಿಚಿ ಎತ್ತಿಡುತ್ತಾರೆ. ಜಾತ್ರೆಗೂ ಅದೇ, ಬೀಗರ ಮನೆಗೂ ಅದೇ, ದವಾಖಾನೆಗೂ ಅದೇ. ಜ್ವರದಲ್ಲಿ ನಡುಗುತ್ತಿದ್ದರೂ ಹಳೆ ಸೀರೆ ಬದಲಿಸಿಯೇ ಬಸ್ಸು ಹತ್ತುತ್ತಾರೆ. ಏಕೆಂದು ಕೇಳಿದರೆ, ಚಂದಗೆ ಉಟ್ಟು ಹೋದರೆ ಡಾಕ್ಟರು ಕೂತು ಮಾತಾಡಿಸುತ್ತಾರೆ ಎನ್ನುತ್ತಾರೆ.