ಮಂಡಿನೋವಿಗೆ ವಿಶ್ರಾಂತಿಯ ಮದ್ದು ಎಲ್ಲಿಂದ ಬಂತು

ನಾನು ಸಾಗರದಲ್ಲಿ ಫಿಸಿಯೋಥೆರಪಿ ಮಾಡುವವಳು. ಅಡಿಕೆ ಸುಲಿತದ ಕಾಲ ಮುಗಿಯುತ್ತಿದ್ದಂತೆ ನನ್ನ ಬಳಿಗೆ ಹೆಂಗಸರು ಹೆಚ್ಚಾಗಿ ಬರುತ್ತಾರೆ. ವಾರಗಟ್ಟಲೆ ಮೆಟ್ಟುಗತ್ತಿಯ ಮುಂದೆ ಕೂತು ಎದ್ದವರು. ಕೈಯಲ್ಲಿ ಎಕ್ಸ್-ರೇ ಇರುತ್ತದೆ. “ಮಂಡಿ ಸವೆದು ಹೋಗಿದೆಯಂತೆ ಮೇಡಂ, ಇನ್ನು ಜಾಸ್ತಿ ನಡೀಬಾರ್ದಂತೆ” ಎನ್ನುತ್ತಾರೆ. ಹೀಗೆ ಹೇಳಿದವರು ಮಗನೋ ಸೊಸೆಯೋ ನೆರೆಮನೆಯವರೋ ಆಗಿರುತ್ತಾರೆ, ಕೆಲವೊಮ್ಮೆ ವೈದ್ಯರೂ ಹೌದು. ಎಲ್ಲರೂ ಕಾಳಜಿಯಿಂದಲೇ ಹೇಳಿರುತ್ತಾರೆ. ಆದರೆ ಈ ಸಲಹೆ ಬೇರೊಂದು ಕಾಲದ, ಬೇರೊಂದು ಕಾಯಿಲೆಯ ನೆರಳಲ್ಲಿ ಬೆಳೆದದ್ದು.

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಮಗುವೊಂದು ಸೊಂಟದ ಕೀಲು ನೋಯುತ್ತದೆ ಎಂದು ಕುಂಟಿದರೆ ಮನೆಯವರು ಹೆದರುತ್ತಿದ್ದುದು ಕ್ಷಯಕ್ಕೆ. ರೋಗ ಕೀಲಿಗಿಳಿದರೆ ಕೀವು ತುಂಬುತ್ತಿತ್ತು, ಎಲುಬು ಕರಗುತ್ತಿತ್ತು, ಕಾಲು ಗಿಡ್ಡವಾಗುತ್ತಿತ್ತು. ಔಷಧಿ ಇರಲಿಲ್ಲ. ಲಿವರ್‌ಪೂಲ್‌ನಲ್ಲಿ ಬಡವರಿಗೆ ಚಿಕಿತ್ಸೆ ಮಾಡುತ್ತಿದ್ದ ಹ್ಯೂ ಓವೆನ್ ಥಾಮಸ್ ವೇಲ್ಸ್‌ನ ಎಲುಬು ಕೂಡಿಸುವ ನಾಟಿ ವೈದ್ಯರ ಮನೆತನದವರು. ಸೊಂಟ, ಮಂಡಿ, ಪಾದದ ಕೀಲುಗಳ ರೋಗದ ಮೇಲೆ 1875ರಲ್ಲಿ ಅವರು ಪುಸ್ತಕ ಬರೆದರು. ಕೀಲನ್ನು ಅಲುಗದಂತೆ ಕಟ್ಟಿ, ತಿಂಗಳುಗಟ್ಟಲೆ ಹಾಗೇ ಇಡಬೇಕು ಎಂಬುದು ಅವರ ಪಟ್ಟು. ಅವರ ಹೆಸರಿನ ಸ್ಪ್ಲಿಂಟನ್ನು ತೊಡೆಮೂಳೆ ಮುರಿದವರಿಗೆ ಇವತ್ತಿಗೂ ಬಳಸುತ್ತಾರೆ. ಬೇರೆ ಯಾವ ಅಸ್ತ್ರವೂ ಇಲ್ಲದ ಕಾಲದಲ್ಲಿ ಥಾಮಸ್ ಹಿಡಿದ ದಾರಿ ಅನೇಕರ ಕಾಲು ಉಳಿಸಿತು ಎಂಬ ಗೌರವ ನನಗಿದೆ.

1940ರ ದಶಕದಲ್ಲಿ ಸ್ಟ್ರೆಪ್ಟೋಮೈಸಿನ್ ಬಂತು, ಕೀಲಿನ ಕ್ಷಯ ಹಿಂದೆ ಸರಿಯಿತು. ವಿಶ್ರಾಂತಿಯ ಮಾತು ಮಾತ್ರ ಉಳಿದು, ವಯಸ್ಸಾದವರ ಮಂಡಿಗೆ ಅಂಟಿಕೊಂಡಿತು.

ಅದೇ ಹೊತ್ತಿನಲ್ಲಿ ಶಿಕಾಗೋದ ಸೇನಾ ಆಸ್ಪತ್ರೆಯೊಂದರಲ್ಲಿ ಇದಕ್ಕೆ ಉಲ್ಟಾ ಕೆಲಸ ನಡೆದಿತ್ತು. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಂದ ಹಾಸಿಗೆಗಳು ತುಂಬಿದ್ದವು. ಮಂಡಿಯ ಗಾಯ ಮಾಗಿದರೂ ತೊಡೆಯ ಸ್ನಾಯು ಸೊರಗಿ, ಅವರು ನಡೆಯಲಾರದೆ ತಿಂಗಳುಗಟ್ಟಲೆ ಬಿದ್ದಿರುತ್ತಿದ್ದರು. ಹಗುರ ವ್ಯಾಯಾಮವನ್ನು ಬಹಳ ಸಲ ಮಾಡಿಸುವುದು ಆಗಿನ ರೂಢಿ. ಅಲ್ಲಿದ್ದ ಡಾ. ಥಾಮಸ್ ಡಿಲಾರ್ಮ್ ಹುಡುಗನಾಗಿದ್ದಾಗ ರುಮಾಟಿಕ್ ಜ್ವರದಿಂದ ಹಾಸಿಗೆ ಹಿಡಿದು, ಆಮೇಲೆ ತೂಕ ಎತ್ತಿ ಮೈ ಗಟ್ಟಿಮಾಡಿಕೊಂಡವರು. ರೋಗಿಯ ಪಾದಕ್ಕೆ ಕಬ್ಬಿಣದ ಬೂಟು ಕಟ್ಟಿ, ಅದಕ್ಕೆ ತೂಕ ಸೇರಿಸಿ ಮಂಡಿ ನೀಡಿಸಿದರು. ಹತ್ತು ಸಲ ಮಾತ್ರ ಎತ್ತಲು ಸಾಧ್ಯವಾಗುವ ಭಾರವೇ ಅಳತೆ. ಬಲ ಬಂದಂತೆ ಭಾರವನ್ನೂ ಏರಿಸಿದರು. 1945ರಲ್ಲಿ ಅವರು ಇದನ್ನು ಪ್ರಕಟಿಸಿದರು. ಇಂದು ನಾನು ರೋಗಿಯ ಕಣಕಾಲಿಗೆ ಕಟ್ಟುವ ಮರಳಿನ ಪಟ್ಟಿಗೂ ಇದೇ ಲೆಕ್ಕ.

ಇದು ಮಂಡಿಗೆ ಯಾಕೆ ಹಿಡಿಸುತ್ತದೆ? ಮೂಳೆಯ ತುದಿಗಿರುವ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಭಾರ ಬಿದ್ದಾಗ ಅದು ಸ್ಪಂಜಿನಂತೆ ಹಿಂಡಿಕೊಂಡು, ಬಿಟ್ಟಾಗ ಕೀಲಿನ ದ್ರವವನ್ನು ಹೀರುತ್ತದೆ. ಅದರ ಊಟ ಬರುವುದೇ ಚಲನೆಯಿಂದ. ತೊಡೆಯ ಸ್ನಾಯು ಬಲವಾದರೆ ಮೆಟ್ಟಿಲಿಳಿಯುವಾಗ ಬೀಳುವ ಪೆಟ್ಟನ್ನು ಅದು ಹಿಡಿದುಕೊಳ್ಳುತ್ತದೆ. ಎಕ್ಸ್-ರೇಯಲ್ಲಿ ಸವೆತಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ದರ್ಜೆ ಕೊಡುವ ಕ್ರಮವನ್ನು ಕೆಲ್‌ಗ್ರೆನ್ ಮತ್ತು ಲಾರೆನ್ಸ್ 1957ರಲ್ಲಿ ರೂಪಿಸಿದರು. ಆ ದರ್ಜೆಗೂ ನೋವಿಗೂ ಯಾವಾಗಲೂ ತಾಳೆಯಾಗುವುದಿಲ್ಲ. ಮೂರನೇ ದರ್ಜೆಯವರು ಗದ್ದೆಗೆ ಹೋಗಿಬರುವುದನ್ನೂ, ಒಂದನೇ ದರ್ಜೆಯವರು ಎದ್ದು ನಿಲ್ಲಲಾರದೆ ಒದ್ದಾಡುವುದನ್ನೂ ನೋಡಿದ್ದೇನೆ.

ಸೊಂಟದ ಕೀಲಿನದು ಇನ್ನೊಂದು ಕತೆ. ಅಲ್ಲಿನ ತೊಂದರೆ ತೊಡೆಸಂದಿನಲ್ಲಿ ನೋಯುತ್ತದೆ, ಎಷ್ಟೋ ಸಲ ಮಂಡಿಯಲ್ಲೇ ನೋಯುತ್ತದೆ. ಆದ್ದರಿಂದ ಮಂಡಿನೋವೆಂದು ಬಂದವರ ಸೊಂಟವನ್ನೂ ತಿರುಗಿಸಿ ನೋಡದೆ ನಾನು ಕಳಿಸುವುದಿಲ್ಲ. ಒಂಟಿಕಾಲಲ್ಲಿ ನಿಂತಾಗ ಆ ಕೀಲಿನ ಮೇಲೆ ಮೈತೂಕದ ಎರಡು ಪಟ್ಟಿಗೂ ಹೆಚ್ಚು ಭಾರ ಬೀಳುತ್ತದೆ. 1930ರ ದಶಕದಲ್ಲಿ ಜರ್ಮನಿಯ ಪೌವೆಲ್ಸ್ ಈ ಲೆಕ್ಕ ಬಿಡಿಸಿದರು. ಊರುಗೋಲನ್ನು ನೋವಿಲ್ಲದ ಕಡೆಯ ಕೈಯಲ್ಲಿ ಹಿಡಿದರೆ ಆ ಭಾರ ಬಹಳಷ್ಟು ಇಳಿಯುತ್ತದೆ. ಕೋಲನ್ನು ಎಸೆಯಬೇಡಿ ಎಂದು ಅಮೆರಿಕದ ಡಾ. ವಾಲ್ಟರ್ ಬ್ಲೌಂಟ್ 1956ರಲ್ಲಿ ಲೇಖನವನ್ನೇ ಬರೆದರು. ನಮ್ಮಲ್ಲಿ ಬಹುತೇಕರು ನೋವಿರುವ ಕಡೆಯ ಕೈಯಲ್ಲೇ ಕೋಲು ಹಿಡಿದು ಬರುತ್ತಾರೆ. ಕೈ ಬದಲಿಸಿದ ಕೂಡಲೇ ಅವರ ಮುಖ ಹಗುರಾಗುವುದನ್ನು ನೋಡುವುದು ನನಗೆ ದೊಡ್ಡ ಸಂತೋಷ.

ನಮ್ಮ ದೇಶದಲ್ಲಿ ಫಿಸಿಯೋಥೆರಪಿಗೆ ಶಾಲೆ ತೆರೆದದ್ದು ಪೋಲಿಯೊ ಕಾರಣದಿಂದ. 1950ರ ದಶಕದ ಆರಂಭದಲ್ಲಿ ಮುಂಬೈಯಲ್ಲಿ ಪೋಲಿಯೊ ಹರಡಿದಾಗ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಕೆಇಎಂ ಆಸ್ಪತ್ರೆಯಲ್ಲಿ ತರಬೇತಿ ಶುರುವಾಯಿತು. ಸೊರಗಿದ ಸ್ನಾಯುವನ್ನು ಚೂರುಚೂರೇ ಎಬ್ಬಿಸುವ ತಾಳ್ಮೆಯನ್ನು ಪೋಲಿಯೊ ಬಂದ ಮಕ್ಕಳ ಶುಶ್ರೂಷೆ ನಮ್ಮ ವೃತ್ತಿಗೆ ಕಲಿಸಿತು.

ಅದೇ ತಾಳ್ಮೆಯಿಂದ ನಾನು ಸುಲಿತದ ಹೆಂಗಸರಿಗೆ ಕುರ್ಚಿಯಿಂದ ಎದ್ದು ಕೂರುವುದನ್ನು, ಗೋಡೆ ಹಿಡಿದು ಕಾಲನ್ನು ಪಕ್ಕಕ್ಕೆ ಎತ್ತುವುದನ್ನು, ಒಂದೇ ಮೆಟ್ಟಿಲು ಹತ್ತಿಳಿಯುವುದನ್ನು ಕಲಿಸುತ್ತೇನೆ. ವ್ಯಾಯಾಮದ ಹೊತ್ತಿನಲ್ಲಿ ಸ್ವಲ್ಪ ನೋವಾಗಿ, ಮರುದಿನದೊಳಗೆ ಮೊದಲಿನಂತಾದರೆ ಅಂಜಬೇಕಿಲ್ಲ. ಜ್ವರದ ಜೊತೆ ಕೀಲು ಕೆಂಪಾಗಿ ಊದಿದರೆ, ಬಿದ್ದ ಮೇಲೆ ಕಾಲೂರಲಾಗದಿದ್ದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು. ಕೆಲವರಿಗೆ ಶಸ್ತ್ರಚಿಕಿತ್ಸೆಯೂ ಬೇಕಾಗುತ್ತದೆ. ಅವರಿಗೂ ಬಲವಾದ ತೊಡೆ ಆಮೇಲೆ ನೆರವಾಗುತ್ತದೆ.

ಅಮ್ಮನ ಮಂಡಿ ನೋಯುತ್ತದೆ ಎಂದರೆ ಸುಲಿಯಲು ಎತ್ತರದ ಮಣೆ ಹಾಕಿಕೊಡಿ, ನಡುನಡುವೆ ಎಬ್ಬಿಸಿ ಅಂಗಳ ಸುತ್ತಿಸಿ. ಅವರ ತಿರುಗಾಟವನ್ನೇ ನಿಲ್ಲಿಸಬೇಡಿ. ಕ್ಷಯಕ್ಕೆ ಔಷಧಿ ಇಲ್ಲದ ದಿನಗಳಲ್ಲಿ ಕೀಲು ಕಟ್ಟಿಹಾಕುವುದು ಅನಿವಾರ್ಯವಾಗಿತ್ತು. ನಮ್ಮ ತಾಯಂದಿರ ಕಾಲನ್ನು ಇಂದು ಹಾಗೆ ಕಟ್ಟಿಹಾಕಲು ಯಾವ ಕಾರಣವೂ ಇಲ್ಲ.