ಆಸ್ಟಿಯೋಪಥಿಕ್ ವೈದ್ಯಪದ್ಧತಿಯ ಇತಿಹಾಸ

ಆಸ್ಟಿಯೋಪಥಿ 19ನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಲ್ಲಿ ಹುಟ್ಟಿದ ವೈದ್ಯಪದ್ಧತಿ. ಅಲ್ಲಿ ಇದರ ಪದವೀಧರರಾದ ಡಿ.ಓ.ಗಳು ಎಂ.ಡಿ.ಗಳಂತೆಯೇ ಪೂರ್ಣ ಪ್ರಮಾಣದ ವೈದ್ಯರು. ಅವರು ಔಷಧಿ ಬರೆಯಬಹುದು, ಶಸ್ತ್ರಚಿಕಿತ್ಸೆ ಮಾಡಬಹುದು, ಹೃದಯದಿಂದ ಮನೋರೋಗದವರೆಗೆ ಯಾವ ವಿಭಾಗದಲ್ಲಾದರೂ ತಜ್ಞರಾಗಬಹುದು. ಬ್ರಿಟನ್‌ನಲ್ಲಿ ಹಾಗಲ್ಲ. ಅಲ್ಲಿನ ಆಸ್ಟಿಯೋಪಥ್‌ಗಳು 1993ರ ಕಾಯ್ದೆಯಡಿ ನೋಂದಾಯಿತರಾದ ಹಸ್ತಚಿಕಿತ್ಸಕರು, ವೈದ್ಯರಲ್ಲ. ಈ ಲೇಖನ ಮುಖ್ಯವಾಗಿ ಅಮೆರಿಕದ ಪರಂಪರೆಯನ್ನು ಕುರಿತದ್ದು.

ಪದ್ಧತಿಯ ಮೂಲಪುರುಷ ಆಂಡ್ರ್ಯೂ ಟೇಲರ್ ಸ್ಟಿಲ್ (1828–1917). ವರ್ಜೀನಿಯಾದಲ್ಲಿ ಹುಟ್ಟಿದ ಈತನ ತಂದೆ ಮೆಥಡಿಸ್ಟ್ ಪಾದ್ರಿ, ಜೊತೆಗೆ ವೈದ್ಯ. ಹತ್ತು ವರ್ಷದ ಹುಡುಗನಿದ್ದಾಗ ಒಮ್ಮೆ ತಲೆನೋವು ತಡೆಯಲಾರದೆ, ಎರಡು ಮರಗಳ ನಡುವೆ ನೆಲದಿಂದ ಗೇಣೆತ್ತರಕ್ಕೆ ಹಗ್ಗ ಇಳಿಬಿಟ್ಟು, ಅದರ ಮೇಲೆ ಕಂಬಳಿ ಹೊದಿಸಿ, ಕತ್ತನ್ನು ಆನಿಸಿ ಮಲಗಿದನಂತೆ. ನಿದ್ದೆ ಹತ್ತಿತು, ಎದ್ದಾಗ ನೋವಿರಲಿಲ್ಲ. ಆತ್ಮಕಥೆಯಲ್ಲಿ ಸ್ಟಿಲ್ ಇದನ್ನೇ ತನ್ನ ಮೊದಲ ಪಾಠವೆಂದು ನೆನೆಯುತ್ತಾನೆ. ಆದರೆ ಅವನನ್ನು ಹೊಸ ಹಾದಿಗೆ ನೂಕಿದ್ದು 1864ರ ದುರಂತ. ಮೆದುಳುಪೊರೆಯ ಉರಿಯೂತಕ್ಕೆ ಮೂವರು ಮಕ್ಕಳು ಬಲಿಯಾದರು. ಕರೆಸಿದ ವೈದ್ಯರಿಂದ ಏನೂ ಮಾಡಲಾಗಲಿಲ್ಲ. ಪಾದರಸದ ಕ್ಯಾಲೊಮೆಲ್, ಅಫೀಮು, ವಿಸ್ಕಿಗಳೇ ಔಷಧಿಗಳಾಗಿದ್ದ ಕಾಲ ಅದು. ಔಷಧಿಗಳ ಮೇಲೆ ಸ್ಟಿಲ್‌ಗೆ ಹುಟ್ಟಿದ ಅಪನಂಬಿಕೆ ಅತಿರೇಕದ್ದೇ ಇರಬಹುದು, ಅಕಾರಣವಾದುದಂತೂ ಅಲ್ಲ.

ರಕ್ತ ಸರಾಗವಾಗಿ ಹರಿದರೆ ದೇಹ ತನ್ನನ್ನು ತಾನೇ ವಾಸಿಮಾಡಿಕೊಳ್ಳುತ್ತದೆ, ಮೂಳೆ-ಕೀಲುಗಳ ತೊಡಕೇ ಆ ಹರಿವಿಗೆ ಅಡ್ಡಿ ಎಂಬ ನಿಲುವಿಗೆ ಅವನು 1874ರಲ್ಲಿ ಬಂದ. ಕಾನ್ಸಸ್‌ನ ಬೇಕರ್ ವಿಶ್ವವಿದ್ಯಾಲಯದಲ್ಲಿ ಇದನ್ನು ಮಂಡಿಸಲು ಅವಕಾಶ ಸಿಗಲಿಲ್ಲ. ಮುಂದೆ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ನೆಲೆನಿಂತು, 1892ರಲ್ಲಿ ಅಮೆರಿಕನ್ ಸ್ಕೂಲ್ ಆಫ್ ಆಸ್ಟಿಯೋಪಥಿಯನ್ನು ತೆರೆದ. ಎಡಿನ್‌ಬರೋದಲ್ಲಿ ಓದಿದ್ದ ವಿಲಿಯಂ ಸ್ಮಿತ್ ಅಲ್ಲಿ ಅಂಗರಚನಾಶಾಸ್ತ್ರ ಕಲಿಸಿದ. ಮೊದಲ ತರಗತಿಯಲ್ಲೇ ಹೆಂಗಸರೂ ಇದ್ದರು. ಅನೇಕ ವೈದ್ಯ ಕಾಲೇಜುಗಳ ಬಾಗಿಲು ಅವರಿಗೆ ಮುಚ್ಚಿದ್ದ ದಿನಗಳಲ್ಲಿ ಇದು ದೊಡ್ಡ ಮಾತು. ಎಂ.ಡಿ. ಪದವಿ ಕೊಡಲು ಸರ್ಕಾರದ ಸನ್ನದಿನಲ್ಲಿ ಅವಕಾಶವಿದ್ದರೂ ಸ್ಟಿಲ್ ಡಿ.ಓ. ಎಂಬ ಬೇರೆ ಪದವಿಯನ್ನೇ ಆರಿಸಿಕೊಂಡ. ಪರವಾನಗಿಗಾಗಿ ಮುಂದೆ ನಡೆದ ಮುಕ್ಕಾಲು ಶತಮಾನದ ಹೋರಾಟಕ್ಕೆ ಬೀಜ ಬಿದ್ದದ್ದು ಅಲ್ಲಿಯೇ.

1896ರಲ್ಲಿ ವರ್ಮಾಂಟ್ ರಾಜ್ಯ ಎಲ್ಲಕ್ಕಿಂತ ಮೊದಲು ಕಾನೂನಿನ ಮಾನ್ಯತೆ ಕೊಟ್ಟಿತು. 1897ರಲ್ಲಿ ವೃತ್ತಿಸಂಘ ಹುಟ್ಟಿತು. ವೈದ್ಯಶಿಕ್ಷಣವನ್ನು ಪರಿಶೀಲಿಸಿದ 1910ರ ಫ್ಲೆಕ್ಸ್‌ನರ್ ವರದಿ ಆಸ್ಟಿಯೋಪಥಿ ಶಾಲೆಗಳ ಪ್ರಯೋಗಾಲಯಗಳನ್ನೂ ಪ್ರವೇಶ ನಿಯಮಗಳನ್ನೂ ಕಟುವಾಗಿ ಟೀಕಿಸಿತು. ಆ ಟೀಕೆ ನ್ಯಾಯವಾದದ್ದೇ. ಶಾಲೆಗಳು ನಿಧಾನವಾಗಿ ತಿದ್ದಿಕೊಂಡವು. 1929ರಲ್ಲಿ ಔಷಧಶಾಸ್ತ್ರವೂ ಪಠ್ಯಕ್ಕೆ ಸೇರಿತು. ಗುರುವಿನ ಮಾತನ್ನು ಮೀರಿದ ಈ ತೀರ್ಮಾನವೇ ವೃತ್ತಿಯನ್ನು ಉಳಿಸಿತು ಎನ್ನಬೇಕು. ಇಲ್ಲವಾದರೆ ಅದು ಬೆನ್ನುನೋವಿನ ಚಿಕಿತ್ಸೆಗಷ್ಟೇ ಸೀಮಿತವಾಗುತ್ತಿತ್ತು.

ಮಾನ್ಯತೆ ಮಾತ್ರ ಬೇಗ ಬರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಸೇನೆ ಡಿ.ಓ.ಗಳನ್ನು ವೈದ್ಯಾಧಿಕಾರಿಗಳಾಗಿ ತೆಗೆದುಕೊಳ್ಳಲಿಲ್ಲ. 1961–62ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಡೆದ ವಿಲೀನ ಈ ಚರಿತ್ರೆಯ ಅತ್ಯಂತ ವಿಚಿತ್ರ ಅಧ್ಯಾಯ. ಲಾಸ್ ಏಂಜಲೀಸ್‌ನ ಆಸ್ಟಿಯೋಪಥಿ ಕಾಲೇಜು ಎಂ.ಡಿ. ಕಾಲೇಜಾಗಿ ಬದಲಾಯಿತು. ಸುಮಾರು 2,000 ಡಿ.ಓ.ಗಳು 65 ಡಾಲರ್ ಶುಲ್ಕ ಕಟ್ಟಿ, ಮತ್ತೆ ವೈದ್ಯಕಾಲೇಜಿಗೆ ಹೋಗದೆ ಎಂ.ಡಿ.ಗಳಾದರು. ವೃತ್ತಿಯನ್ನು ಅಳಿಸಲು ಹೊರಟ ಆ ಏರ್ಪಾಡು ಎರಡೂ ಶಿಕ್ಷಣಗಳು ಸಮಾನವೆಂದು ತಾನೇ ಒಪ್ಪಿಕೊಂಡಂತಾಯಿತು. 1966ರಲ್ಲಿ ಸೇನೆಯ ಬಾಗಿಲು ತೆರೆಯಿತು; 1969ರಲ್ಲಿ ಮಿಷಿಗನ್‌ನಲ್ಲಿ ಆರಂಭವಾದ ಕಾಲೇಜು ಸ್ವಲ್ಪ ಕಾಲದಲ್ಲೇ ಸರ್ಕಾರಿ ವಿಶ್ವವಿದ್ಯಾಲಯದ ಅಂಗವಾಯಿತು; 1974ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್, ವಿಲೀನದೊಡನೆ ನಿಂತುಹೋಗಿದ್ದ ಡಿ.ಓ. ಪರವಾನಗಿಯನ್ನು ಮರಳಿ ಕೊಡಿಸಿತು. ಪದವಿಯ ನಂತರದ ತರಬೇತಿ 2020ರ ವೇಳೆಗೆ ಎರಡೂ ಪಂಗಡಗಳಿಗೆ ಒಂದೇ ಆಯಿತು.

ಇಂದು ಅಮೆರಿಕದ ವೈದ್ಯವಿದ್ಯಾರ್ಥಿಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಡಿ.ಓ. ಕಾಲೇಜಿನವರು. ನಾಲ್ಕು ವರ್ಷದ ಸಾಮಾನ್ಯ ಪಠ್ಯದ ಜೊತೆಗೆ ಸುಮಾರು 200 ಗಂಟೆಗಳ ಹಸ್ತಚಿಕಿತ್ಸೆಯನ್ನು ಅವರು ಕಲಿಯುತ್ತಾರೆ. ಕತ್ತು ಒಂದು ಕಡೆಗೆ ಹೊರಳದ ರೋಗಿಯನ್ನು ಡಿ.ಓ. ಹೀಗೆ ನೋಡುತ್ತಾನೆ: ತಲೆಯನ್ನು ಬಿಗಿ ಸಿಗುವವರೆಗೆ ಮೆಲ್ಲನೆ ತಿರುಗಿಸಿ, ಎದುರು ದಿಕ್ಕಿಗೆ ಹಗುರವಾಗಿ ಒತ್ತುವಂತೆ ಹೇಳಿ, ತನ್ನ ಅಂಗೈಯಿಂದ ಮೂರರಿಂದ ಐದು ಸೆಕೆಂಡು ತಡೆಯುತ್ತಾನೆ. ರೋಗಿ ಸಡಿಲಬಿಟ್ಟಾಗ ತಲೆಯನ್ನು ಇನ್ನಷ್ಟು ಹೊರಳಿಸಿ, ಮತ್ತೆ ಅದನ್ನೇ ಮಾಡುತ್ತಾನೆ. ಆದರೆ 2001ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಉತ್ತರಿಸಿದವರ ಪೈಕಿ ಅರ್ಧಕ್ಕಿಂತ ಹೆಚ್ಚು ಡಿ.ಓ.ಗಳು ಶೇ. 5ಕ್ಕೂ ಕಡಿಮೆ ರೋಗಿಗಳ ಮೇಲೆ ಈ ವಿದ್ಯೆಯನ್ನು ಬಳಸುತ್ತಿದ್ದರು.

ಸಂಶೋಧನೆ ಈ ವೃತ್ತಿಯ ದುರ್ಬಲ ಮಗ್ಗುಲು. ಕರ್ಕ್ಸ್‌ವಿಲ್‌ನಲ್ಲಿ ಆಸ್ಟಿಯೋಪಥಿ ವೈದ್ಯ ಡೆನ್‌ಸ್ಲೋ ಮತ್ತು ಶರೀರವಿಜ್ಞಾನಿ ಇರ್ವಿನ್ ಕೋರ್ 1940ರ ದಶಕದಲ್ಲಿ ಬೆನ್ನುಹುರಿಯ ಪ್ರತಿವರ್ತನೆಗಳನ್ನು ಅಳೆದು ಪ್ರಯೋಗದ ಹಾದಿ ತೆರೆದರು. 1999ರ ಒಂದು ಅಧ್ಯಯನದಲ್ಲಿ ಸೊಂಟನೋವಿಗೆ ಹಸ್ತಚಿಕಿತ್ಸೆ ಮಾಮೂಲಿ ಚಿಕಿತ್ಸೆಯಷ್ಟೇ ಫಲ ಕೊಟ್ಟಿತು, ಔಷಧಿ ಕಡಿಮೆ ಸಾಕಾಯಿತು. 2021ರಲ್ಲಿ ಫ್ರಾನ್ಸ್‌ನ 400 ರೋಗಿಗಳ ಮೇಲಿನ ಪರೀಕ್ಷೆಯಲ್ಲಿ ತೋರಿಕೆಯ ಚಿಕಿತ್ಸೆಗೂ ಇದಕ್ಕೂ ಇದ್ದ ವ್ಯತ್ಯಾಸ ಬಲು ಚಿಕ್ಕದು. ಸ್ಟಿಲ್‌ನ ಶಿಷ್ಯ ವಿಲಿಯಂ ಸದರ್‌ಲ್ಯಾಂಡ್ ರೂಪಿಸಿದ, ತಲೆಬುರುಡೆಯ ಮೂಳೆಗಳ ಚಲನೆಯನ್ನು ಬೆರಳಿನಲ್ಲಿ ಗುರುತಿಸುವ ವಿಧಾನದ ಪಾಡು ಇನ್ನೂ ಕಷ್ಟದ್ದು: ಒಂದೇ ತಲೆಯನ್ನು ಮುಟ್ಟಿನೋಡಿದ ಇಬ್ಬರು ಪರೀಕ್ಷಕರ ಎಣಿಕೆ ತಾಳೆಯಾಗುವುದಿಲ್ಲ. ಇದನ್ನು ಪಠ್ಯದಿಂದ ಕೈಬಿಡಬೇಕೆಂದು 2002ರಲ್ಲಿ ವಾದಿಸಿದವರು ಆಸ್ಟಿಯೋಪಥಿ ಕಾಲೇಜಿನ ಅಧ್ಯಾಪಕರೇ.